ಜೇಡಿಮಣ್ಣು ಕಾಯುವ ಭಾವ

ನಮ್ಮ ಭಾವ ಅಣುವಿಜ್ಞಾನಿ ಎಂದರೆ ಕೇಳಿದವರು ಹೌಹಾರುತ್ತಾರೆ. ಅವರು ಮಾಡುವುದು ಮಾತ್ರ ಜೇಡಿಮಣ್ಣಿನ ಒಂದು ಬಿಲ್ಲೆಯನ್ನು ಕಾಯುವ ಕೆಲಸ. ಅಣುಸ್ಥಾವರದ ಕಸವನ್ನು ಮುಂದೆ ಇಂಥ ಮಣ್ಣಿನಲ್ಲೇ ಹೂಳಬೇಕಂತೆ. ಅದಕ್ಕೇ ಬಿಲ್ಲೆಯ ಆ ಕಡೆ ವಿಕಿರಣ ಸೂಸುವ ನೀರು, ಈ ಕಡೆ ಬರೀ ನೀರು ಇಟ್ಟು, ಆ ವಿಷ ಮಣ್ಣು ದಾಟಿ ಬಂತೇ ಎಂದು ದಿನಾ ನೋಡುತ್ತಾರೆ. ಮದುವೆಯಾದ ವರ್ಷ ಇಟ್ಟ ಬಿಲ್ಲೆ; ಅವರ ತಲೆಗೂದಲೆಲ್ಲ ಹೋಯಿತು, ಮಣ್ಣು ಜಪ್ಪಯ್ಯ ಅಂದರೂ ಬಿಟ್ಟುಕೊಟ್ಟಿಲ್ಲ. ಸಂಜೆ ಚಪ್ಪಲಿ ಬಿಡುತ್ತಲೇ "ಇವತ್ತೂ ಏನೂ ಬಂದಿಲ್ಲ ಕಣೇ!" ಎಂದು ಕೂಗುತ್ತಾರೆ, ಅಕ್ಕ ಅಡುಗೆಮನೆಯಿಂದಲೇ "ಸದ್ಯ, ಕೈಕಾಲು ತೊಳ್ಕೊಳ್ಳಿ" ಅನ್ನುತ್ತಾಳೆ. ನಾನು ಶಹಬ್ಬಾಸ್ ಅನ್ನಬೇಕೋ ಅಯ್ಯೋ ಪಾಪ ಅನ್ನಬೇಕೋ, ಇವತ್ತಿಗೂ ತಿಳಿದಿಲ್ಲ. "ಬರಲೇಬಾರ್ದು ಅಂದ್ರೆ ಕಾಯೋದ್ಯಾಕೆ ಭಾವ?" ಎಂದರೆ, "ಬರುತ್ತೆ ಕಣೋ, ಬಂದೇ ಬರುತ್ತೆ. ತಡವಾಗಿ ಬರ್ಲಿ ಅಂತ" ಎಂದು ಇನ್ನಷ್ಟು ತಲೆ ಕೆಡಿಸುತ್ತಾರೆ. ಹಿಮಯುಗವನ್ನು "ಮೊನ್ನೆ ಮೊನ್ನೆ" ಅನ್ನುವ ಆಸಾಮಿಗೆ ಅವಸರವೆಲ್ಲಿಯದು? ಟೀ ತಣ್ಣಗಾಗಿ ಕೆನೆಗಟ್ಟಿದ ಮೇಲೇ ಲೋಟಕ್ಕೆ ಕೈ ಹಾಕುತ್ತಾರೆ. ಆದರೆ ಹೋದ ವರ್ಷ ಅಕ್ಕನ ಎದೆಯ ಗಡ್ಡೆ ತೆಗೆದ ಡಾಕ್ಟರಮ್ಮ, "ಎಲ್ಲೂ ಹರಡಿಲ್ಲ, ರಿಪೋರ್ಟಲ್ಲಿ ಏನೂ ಬಂದಿಲ್ಲ ಸರ್" ಎಂದು ನಕ್ಕಾಗ ಭಾವ ನಗಲಿಲ್ಲ. "ಅಂದ್ರೆ, ತಡವಾಗಿ ಬರುತ್ತಾ?" ಎಂದು ಕೇಳಿದರು. ಆಮೇಲೆ ಬಾಗಿಲಲ್ಲಿ ಕೂಗುವುದು ನಿಂತಿತು. ಈಗ ಚಪ್ಪಲಿಯನ್ನೂ ಬಿಡದೆ ಸೀದಾ ಅಡುಗೆಮನೆಗೆ ಹೋಗಿ ಅಕ್ಕನ ಮುಖ ನೋಡುತ್ತ ನಿಂತುಬಿಡುತ್ತಾರೆ. ಕೂಗುವವಳು ಅಕ್ಕ: "ಇವತ್ತೂ ಏನೂ ಬಂದಿಲ್ಲ ಕಣ್ರೀ, ಕೈಕಾಲು ತೊಳ್ಕೊಳ್ಳಿ!"