ಒಂದು ಸೆಕೆಂಡಿನ ಮಂಗಳ

ದಯಾನಂದನ ಮೇಲೆ ನನಗೆ ಮೊದಲಿಂದಲೂ ಒಂದು ಸಿಟ್ಟಿದೆ. ಒಳ್ಳೆಯ ಮನುಷ್ಯ, ಅದು ಬೇರೆ ಮಾತು. ತುರುವೇಕೆರೆಯಲ್ಲಿ ನನ್ನದು ಹೊಲಿಗೆ ಅಂಗಡಿ, ಪಕ್ಕದ್ದು ಅವನ ಕಂಪ್ಯೂಟರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ನಡುವೆ ಇರುವುದು ಒಂದೇ ಗೋಡೆ. ಅವನ ಅಂಗಡಿಯ ಹಿಂದೆಯೇ ಮನೆ. ಅಂಗಡಿಗೂ ಅಡುಗೆಮನೆಗೂ ಅಡ್ಡ ಒಂದು ಪರದೆ, ನಾನೇ ಹೊಲಿದು ಕೊಟ್ಟದ್ದು. ಆ ಪರದೆಯ ಆಚೆಯಿಂದ ಅವನ ಹೆಂಡತಿ ಸರ್ವಮಂಗಳ ದಿನಕ್ಕೆ ಹತ್ತು ಸಲ ಅವನನ್ನು ಕೂಗುತ್ತಿದ್ದಳು. ಇವನು ಒಂದು ಸಲಕ್ಕೂ ಓಗೊಡುತ್ತಿರಲಿಲ್ಲ. ನನ್ನ ಸಿಟ್ಟು ಅಷ್ಟೇ.

ಮಂಗಳ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮಕ್ಕಳಿರಲಿಲ್ಲ. ಮಧ್ಯಾಹ್ನ ನನ್ನ ಮಿಷನ್ನು ನಿಲ್ಲಿಸಿ ನಾನು ಅವಳ ಅಡುಗೆಮನೆಗೆ ಹೋಗಿ ಕೂರುತ್ತಿದ್ದೆ. ಇಬ್ಬರೂ ಸೇರಿ ಊರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಅವಳ ಗಂಡನನ್ನು ಮಾತ್ರ ಅವಳೇ ಆಡಿಕೊಳ್ಳಬೇಕು, ನಾನು ಒಂದು ಮಾತು ಸೇರಿಸಿದರೂ ಮುಖ ಊದಿಸುತ್ತಿದ್ದಳು.

ಎರಡು ಸಾವಿರದ ಆರರ ಸುಮಾರಿಗೆ ದಯಾನಂದನ ಕಸುಬು ಗೇಮುಗಳ ಸಿಡಿ ಮಾಡಿ ಮಾರುವುದು. ಅಸಲಿ ಗೇಮು ಮೂರು ಸಿಡಿಯಲ್ಲಿ ಬರುತ್ತಿತ್ತು. ನಮ್ಮ ಕಡೆಯವರ ಕಂಪ್ಯೂಟರುಗಳೋ ಸೆಕೆಂಡ್ ಹ್ಯಾಂಡ್ ಮಾಲು, ಒಳಗೆ ಜಾಗವೇ ಇರುತ್ತಿರಲಿಲ್ಲ. ಹಾಗಾಗಿ ಮೂರನ್ನು ಒಂದು ಮಾಡಬೇಕು. ಒಂದು ಸಿಡಿಗೆ ಹಿಡಿಯುವುದು ಏಳುನೂರು ಎಂಬಿ, ಅದರ ಮೇಲೆ ಒಂದು ಕಾಳೂ ಹೆಚ್ಚಿಗೆ ಹಿಡಿಯದು.

"ಮೂರು ಚೊಂಬಿನ ಮಜ್ಜಿಗೇನ ಒಂದ್ ಚೊಂಬಿಗೆ ಹಿಡಿಸ್ಬೇಕು ಅನಿತಕ್ಕ. ಏನಾದ್ರೂ ಚೆಲ್ಲಲೇಬೇಕು" ಅನ್ನುತ್ತಿದ್ದ.

"ಏನು ಚೆಲ್ತೀಯ?"

"ಮಾತು. ಮಾತೇ ಕಣಕ್ಕ ಎಲ್ಲಕ್ಕಿಂತ ಜಾಗ ತಿನ್ನೋದು. ಗುಂಡಿನ ಸದ್ದು ಇಲ್ದಿದ್ರೆ ಬಂದು ಜಗಳ ಮಾಡ್ತಾರೆ. ಮಾತಿಲ್ದಿದ್ರೆ ಒಬ್ರೂ ಕೇಳಲ್ಲ."

"ನಿಮ್ಮನೇಲೂ ಅದೇ ಕತೆ ಬುಡು" ಅಂದೆ. ಪರದೆಯ ಆಚೆ ಮಂಗಳ ಕಿಸಕ್ಕೆಂದಳು.

ಅವನ ಸಿಡಿಗಳಲ್ಲಿ ಎಲ್ಲರೂ ಬಾಯಿ ಆಡಿಸುತ್ತಿದ್ದರು, ಮಾತು ಬರುತ್ತಿರಲಿಲ್ಲ. ಒಂದೆರಡು ಸಲ ನೋಡಿದ್ದೆ. ರಾಜನಂತಿರುವ ಯಾರೋ ಒಬ್ಬ ಅಷ್ಟುದ್ದ ಬಾಯಿ ಆಡಿಸಿ ಅಳುತ್ತಾನೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಅದು ಸರಿಬರುತ್ತಿರಲಿಲ್ಲ.

ಆದರೆ ಮಾತಿನ ಫೈಲುಗಳನ್ನು ಅಳಿಸಿಬಿಟ್ಟರೆ ಆಯಿತು ಅಂತಲ್ಲ. ಗೇಮಿನೊಳಗಿನವನು ಬಾಯಿ ತೆರೆದಾಗ ಆ ಹೆಸರಿನ ಫೈಲು ಅಲ್ಲಿ ಇರಲೇಬೇಕು, ಇಲ್ಲದಿದ್ದರೆ ಕಂಪ್ಯೂಟರು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೆ ದಯಾನಂದ ಒಂದು ಉಪಾಯ ಹೂಡಿದ. ಒಂದು ಸೆಕೆಂಡಿನ ಖಾಲಿ ಸದ್ದನ್ನು ಮೈಕಿನಲ್ಲಿ ಹಿಡಿದು, ಹಿಂಡಿ ಹಿಂಡಿ ನಾಲ್ಕು ಕೆಬಿಗೆ ಇಳಿಸಿ, ಅದನ್ನೇ ಸಾವಿರದ ಎಂಟುನೂರು ಸಲ ನಕಲು ಮಾಡಿ, ಸಾವಿರದ ಎಂಟುನೂರು ಮಾತುಗಳ ಹೆಸರಿಟ್ಟು ತುಂಬಿಬಿಟ್ಟ. ಎರಡು ಸೆಕೆಂಡು ಹಿಡಿದಿದ್ದರೆ ಸಿಡಿಯಲ್ಲಿ ಜಾಗ ಸಾಲುತ್ತಿರಲಿಲ್ಲವಂತೆ.

ಆ ಒಂದು ಸೆಕೆಂಡು ಹಿಡಿದ ದಿನ ನಾನು ಒಳಗೆ ಮಂಗಳನ ಜೊತೆ ಕೊಬ್ಬರಿ ತುರಿಯುತ್ತ ಕೂತಿದ್ದೆ. ಎರಡು ಗಂಟೆಯಾಗಿತ್ತು, ಅನ್ನ ಆರಿಹೋಗಿತ್ತು. ಮಂಗಳ ಕೂತಲ್ಲಿಂದಲೇ "ಸಾಕು ಬನ್ರೀ" ಎಂದು ಕೂಗಿದಳು. ಅದರ ಹಿಂದೆಯೇ ಇನ್ನೇನೋ ಒಂದು ಮಾತು ಸೇರಿಸಿದಳು. ಅದಕ್ಕೆ ನಾನು ನಕ್ಕ ನಗುವಿಗೆ ಬಾಯಲ್ಲಿದ್ದ ಕೊಬ್ಬರಿ ನೆತ್ತಿಗೆ ಹತ್ತಿತು. ಅಷ್ಟರಲ್ಲಿ ಅತ್ತ ದಯಾನಂದನ ಒಂದು ಸೆಕೆಂಡು ಮುಗಿದಿತ್ತು. ಅವನ ಸ್ಪೀಕರು ಆ ವಾರ ರಿಪೇರಿಗೆ ಹೋಗಿದ್ದರಿಂದ, ಖಾಲಿ ಎಂದುಕೊಂಡು ಹಿಡಿದದ್ದರೊಳಗೆ ಹೆಂಡತಿ ಇದ್ದಾಳೆಂದು ಅವನಿಗೆ ತಿಳಿಯಲೇ ಇಲ್ಲ.

ತಿಳಿಸಿದವನು ಕಂದಿಕೆರೆ ಕಡೆಯ ಗೊಲ್ಲರಹಟ್ಟಿಯ ಚಿತ್ತೇಶ. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ. ಒಂದು ತಿಂಗಳಾದ ಮೇಲೆ ಬಂದು ಅಂಗಡಿ ಬಾಗಿಲಲ್ಲಿ ನಿಂತು, "ಅಣ್ಣ, ನಿಮ್ ಗೇಮಲ್ಲಿ ಬಾಯ್ ಬುಟ್ಟೋರೆಲ್ಲ, ಗುಂಡೇಟು ಬಿದ್ದು ಸಾಯೋರೂವೆ 'ಸಾಕು ಬನ್ರೀ' ಅಂತಾವ್ರಲ್ಲ, ಅದ್ಯಾರಣ್ಣ ಆಯಮ್ಮ?" ಎಂದು ಕೇಳಿದ.

ಹಾಕಿ ನೋಡಿದೆವು, ನಾನೂ ಮಂಗಳನೂ ದಯಾನಂದನ ಬೆನ್ನ ಹಿಂದೆ ನಿಂತು. ಒಬ್ಬ ಸಿಪಾಯಿ ಬಿದ್ದ. ಬಾಯಿ ತೆರೆದ. ಮಂಗಳನ ಧ್ವನಿಯಲ್ಲಿ "ಸಾಕು ಬನ್ರೀ" ಅಂದು ಕಣ್ಣು ಮುಚ್ಚಿದ. ಮಂಗಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. "ಅಯ್ಯೋ ಶಿವನೇ! ಸಾಯೋರ ಬಾಯಲ್ಲೆಲ್ಲ ನನ್ನ ಕೂರ್ಸವ್ರಲ್ಲ ಅನಿತಕ್ಕ!" ಅಂದಳು. ನಾವೂ ನಕ್ಕೆವು. ಅಷ್ಟು ಹೊತ್ತಿಗೆ ನಲವತ್ತು ಸಿಡಿ ಮಾರಿಹೋಗಿದ್ದವು. ದಯಾನಂದ ನಾಚಿಕೊಂಡು ತನ್ನ ಹತ್ತಿರ ಇದ್ದದ್ದನ್ನೆಲ್ಲ ಅಳಿಸಿ, ನಿಜವಾಗಿಯೂ ಖಾಲಿ ಇರುವ ಒಂದು ಸೆಕೆಂಡನ್ನು ಹಿಡಿದು ಹಾಕಿದ.

ಆಮೇಲೆ ಸಿಡಿಯ ಕಾಲ ಮುಗಿಯಿತು. ಅವನ ಅಂಗಡಿ ಪಹಣಿ, ಆಧಾರ್, ಅರ್ಜಿಗಳ ಅಂಗಡಿಯಾಯಿತು. ಹೋದ ವರ್ಷ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಮಂಗಳ ಒಲೆಯ ಮುಂದೆ ನಿಂತಿದ್ದವಳು ಹಾಗೇ ಕುಸಿದಳು. ಆಸ್ಪತ್ರೆ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ.

ಹನ್ನೊಂದನೆಯ ದಿನ ಕಳೆದ ಮೇಲೆ ದಯಾನಂದ ಅವಳ ಧ್ವನಿ ಹುಡುಕಲು ಶುರುಮಾಡಿದ. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಮದುವೆಯ ವಿಡಿಯೋ ಹಾಕಿ ನೋಡಿದ. ವಿಡಿಯೋದವನು ಉದ್ದಕ್ಕೂ ಹಾಡು ಏರಿಸಿಬಿಟ್ಟಿದ್ದ. ಧಾರೆಯ ಮಣೆಯ ಮೇಲೆ ಕೂತು ಮಂಗಳ ಇವನ ಕಡೆ ತಿರುಗಿ ಏನೋ ಹೇಳುತ್ತಾಳೆ, ಬಾಯಿ ಆಡುತ್ತದೆ, ಕೇಳುವುದು ವಾಲಗ ಮತ್ತು ಯಾವುದೋ ಹಾಡು. ಮೂರು ತಾಲ್ಲೂಕಿನ ಜನಕ್ಕೆ ಸದ್ದನ್ನು ಹಿಂಡಿ ಹಿಂಡಿ ಸಿಡಿಗೆ ತುಂಬಿಕೊಟ್ಟವನ ಹತ್ತಿರ ಕಟ್ಟಿಕೊಂಡ ಹೆಂಡತಿಯ ಒಂದು ಮಾತಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ಸಿಟ್ಟೂ ಬಂತು.

ಆಗಲೇ ಗೋಡೆಯ ಆಚೆಯಿಂದ "ಬಂದೆ" ಎಂಬ ಮಾತು ಕೇಳಲು ಶುರುವಾದದ್ದು. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, "ಬಂದೆ, ಬಂದೆ." ಯಾರೂ ಕರೆದಿರುತ್ತಿರಲಿಲ್ಲ. ಎದ್ದು ಹೋಗಿ ನೋಡಿದರೆ ಕುರ್ಚಿಯಲ್ಲಿ ತಿರುಗಿ ಪರದೆಯನ್ನೇ ನೋಡುತ್ತಿದ್ದ. ಫ್ಯಾನಿನ ಗಾಳಿಗೆ ಪರದೆ ಒಂದಿಷ್ಟು ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಇದ್ದಾಗ ಓಗೊಡದವನು ಈಗ ಓಗೊಡುತ್ತಿದ್ದಾನಲ್ಲ ಅಂದುಕೊಂಡು ಸುಮ್ಮನೆ ವಾಪಸು ಬಂದೆ. ಸುಳ್ಳೇಕೆ, ಎರಡು ಗಂಟೆಗೆ ಮಿಷನ್ನು ನಿಲ್ಲಿಸಿ ನಾನೂ ಕಿವಿಗೊಡುತ್ತಿದ್ದೆ.

ಒಂದು ದಿನ ಹುಚ್ಚನ ಹಾಗೆ ಓಡಿಬಂದ. "ಅನಿತಕ್ಕ, ಆ ಗೇಮು! ಗುಂಡೇಟಿನ ಗೇಮು! ಚಿತ್ತೇಶನ ತಾವ ಇರ್ಬೋದು!"

ಅವನೊಬ್ಬನನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ನೋಡಿದವರು ನೋಡಲಿ ಎಂದು ನಾನೂ ಬಸ್ಸು ಹತ್ತಿದೆ. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಿಸಿ ಕಂದಿಕೆರೆಯಲ್ಲಿ ಇಳಿದೆವು. ಚಿತ್ತೇಶ ತೋಟದಲ್ಲಿದ್ದಾನೆ ಅಂದರು. ಎಳೆ ತೆಂಗಿನ ಸಾಲುಗಳ ನಡುವೆ ಟೊಮೆಟೊ ಹಾಕಿದ್ದ. ದೂರದಿಂದಲೇ ಕಂಡಿತು: ಗೂಟದಿಂದ ಗೂಟಕ್ಕೆ ದಾರ, ದಾರದ ತುಂಬ ಸಿಡಿಗಳು. ಗಾಳಿಗೆ ಎಲ್ಲವೂ ಸದ್ದಿಲ್ಲದೆ ತಿರುಗುತ್ತಿದ್ದವು. ಬೆಳಕಿನ ಬಿಲ್ಲೆಗಳು ದಯಾನಂದನ ಅಂಗಿಯ ಮೇಲೆ, ಮುಖದ ಮೇಲೆ ಹರಿದಾಡಿದವು. ಅವನು ಹೆಜ್ಜೆ ಕಿತ್ತಿಡಲಾರದೆ ಬದುವಿನ ಮೇಲೆ ನಿಂತುಬಿಟ್ಟ.

ಚಿತ್ತೇಶನ ಗಡ್ಡದಲ್ಲಿ ಆಗಲೇ ಬಿಳಿ ಕಾಣಿಸಿಕೊಂಡಿತ್ತು. "ಓ, ಸಿಡಿ ಅಣ್ಣ! ಏನಣ್ಣ, ಇಷ್ಟ್ ವರ್ಷ ಆದ್ಮೇಲೆ ಸಿಡಿ ವಾಪಸ್ ಇಸ್ಕಳಕ್ ಬಂದ್ರಾ?" ಎಂದು ನಗುತ್ತ ಬಂದ. "ನವಿಲು ಕಾಟ ಕಣಣ್ಣ, ಒಂದ್ ಹಣ್ಣು ಬುಡಲ್ಲ. ಇವನ್ನ ಕಟ್ಟಿದ್ಮೇಲೆ ಒಸಿ ಹೆದ್ರುತವೆ."

ಬಂದ ಕಾರಣ ನಾನೇ ಹೇಳಿದೆ. ಚಿತ್ತೇಶನ ನಗು ನಿಂತಿತು. ಕುಡುಗೋಲು ತಂದು ಒಂದೊಂದೇ ದಾರ ಕತ್ತರಿಸಿದ. ಹೆಚ್ಚಿನವು ಬಿಸಿಲಿಗೆ ಬೆಳ್ಳಿ ಸುಲಿದು ಗಾಜಿನಂತಾಗಿದ್ದವು, ಅವುಗಳ ಮೂಲಕ ಆಚೆಯ ಟೊಮೆಟೊ ಕಾಣುತ್ತಿತ್ತು. ಕೊನೆಗೆ ತೆಂಗಿನ ಸಸಿಯ ನೆರಳಿಗೆ ಸಿಕ್ಕಿಕೊಂಡಿದ್ದ ಒಂದರ ಮೇಲೆ ದಯಾನಂದನ ಕೈಬರಹದಲ್ಲಿ ಆ ಗೇಮಿನ ಹೆಸರು ಉಳಿದಿತ್ತು. ಅಂಚೆಲ್ಲ ಸುಲಿದಿತ್ತು, ನಡುವೆ ಒಂದು ಅಂಗೈಯಷ್ಟು ಬೆಳ್ಳಿ ಇತ್ತು. ಅವನು ಅದನ್ನು ಅಂಗಿಯ ಒಳಗೆ, ಎದೆಗೆ ತಾಗುವ ಹಾಗೆ ಇಟ್ಟುಕೊಂಡ. ಬಸ್ಸಿನಲ್ಲಿ ಉಸಿರು ಕೂಡ ಜೋರಾಗಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಡ್ರೈವಿಗೆ ಹಾಕಿ ಕೂತ. ಡ್ರೈವು ನರಳುತ್ತಿತ್ತು. ಒಂದು ಫೈಲು ಓದಲಾಗಲಿಲ್ಲ, ಎರಡನೆಯದೂ ಇಲ್ಲ, ನೂರನೆಯದೂ ಇಲ್ಲ. ಗೇಮು ಪೂರ್ತಿ ಹಾಳಾಗಿತ್ತು. ಆದರೆ ಒಂದೇ ಮಾತನ್ನು ಸಾವಿರದ ಎಂಟುನೂರು ಕಡೆ ಇಟ್ಟಿದ್ದನಲ್ಲ, ಒಂದು ಉಳಿದರೂ ಸಾಕಿತ್ತು. ಸಾವಿರ ದಾಟಿದ ಮೇಲೆ ಒಂದು ಸಿಕ್ಕಿತು.

"ಸಾಕು ಬನ್ರೀ."

ಕೊಡದ ಒಳಗಿಂದ ಕರೆದ ಹಾಗಿತ್ತು. ಅವಳೇ. ಇಬ್ಬರೂ ಒಟ್ಟಿಗೇ ಪರದೆಯ ಕಡೆ ತಿರುಗಿದೆವು. ದಯಾನಂದ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತ, ನಾನೂ ಅತ್ತೆ. ಹುಡುಕಿದ್ದು ಸಿಕ್ಕಿತು, ಇನ್ನು ಸಮಾಧಾನವಾಗುತ್ತಾನೆ ಅಂದುಕೊಂಡೆ. ನನ್ನಷ್ಟು ದಡ್ಡಿ ಇಲ್ಲ.

ಅವತ್ತಿನಿಂದ ದಿನವಿಡೀ ಗೋಡೆಯ ಆಚೆಯಿಂದ ಅದೇ. ಸಾಕು ಬನ್ರೀ. ಸಾಕು ಬನ್ರೀ. ನಾನು ರವಿಕೆಗೆ ತೋಳು ಕೂಡಿಸುವಾಗ, ಗುಂಡಿ ಹಾಕುವಾಗ, ಗಿರಾಕಿಯ ಜೊತೆ ಮಾತಾಡುವಾಗ. ಸತ್ತವಳು ಬಿಡುವಿಲ್ಲದೆ ಗಂಡನನ್ನು ಕರೆಯುತ್ತಿದ್ದಳು. ಅರ್ಜಿಗೆ ಬಂದವರು ಹೆದರಿ ಬೇರೆ ಅಂಗಡಿಗೆ ಹೋದರು. ನಾನು ಕೊಟ್ಟ ಮುದ್ದೆ ಸಾರು ಸಂಜೆಗೆ ಹಾಗೇ ಹಳಸಿರುತ್ತಿತ್ತು. ಹತ್ತು ದಿನಕ್ಕೆ ಅವನ ಕೆನ್ನೆ ಒಳಕ್ಕೆ ಹೋಯಿತು.

ಹನ್ನೊಂದನೆಯ ದಿನ ಬೆಳಿಗ್ಗೆ ಬಂದು ಅಂಗಡಿಯ ಬೀಗದ ಕೈ ಗೊಂಚಲನ್ನು ನನ್ನ ಮಿಷನ್ನಿನ ಮೇಲೆ ಇಟ್ಟ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡಿದ್ದ. ಮುಖ ಬಹಳ ಶಾಂತವಾಗಿತ್ತು. ನಾನು ಮಿಷನ್ನು ನಿಲ್ಲಿಸಿದೆ.

"ಎಲ್ಲಿಗೆ?" ಅಂದೆ.

"ಅವಳು ಕರೀತಾವ್ಳೆ ಅನಿತಕ್ಕ. ಇದ್ದಾಗಂತೂ ಏಳ್ಲಿಲ್ಲ. ಸಾಕು ಬನ್ರೀ ಅಂತಾವ್ಳೆ, ಕೇಳುಸ್ತಾ ಇಲ್ವಾ ನಿಂಗೆ? ಸಾಕು. ಹೋಯ್ತೀನಿ."

ಎಲ್ಲಿದ್ದ ಸಿಟ್ಟೋ ನನಗೆ ನೆತ್ತಿಗೇರಿತು. ಎದ್ದು ಅವನ ರಟ್ಟೆ ಹಿಡಿದು ಕುರ್ಚಿಗೆ ಕುಕ್ಕಿದೆ. "ಥೂ ನಿನ್ನ! ಅರ್ಧ ಮಾತು ಹಿಡ್ಕಂಡು ಸಾಯಕ್ ಹೊಂಟಿದೀಯಲ್ಲ, ನಾಚ್ಕೆ ಆಗಲ್ವಾ? ಅದು ಪೂರ್ತಿ ಮಾತಲ್ಲ ಕಣೋ. ಅವತ್ತು ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ನಿನ್ನ ಒಂದು ಸೆಕೆಂಡು ಮುಗಿದ್ ಮೇಲೂ ಅವಳು ಮಾತಾಡಿದ್ಳು."

ಅವನ ಕಣ್ಣು ನನ್ನ ಮೇಲೆ ನೆಟ್ಟಿತು. "ಏನಂದ್ಳು?"

ನನಗೆ ನೆನಪಿರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತು. ಕೊಬ್ಬರಿ ನೆತ್ತಿಗೆ ಹತ್ತಿದ್ದು ನೆನಪಿತ್ತು, ನನ್ನ ನಗು ನೆನಪಿತ್ತು, ಅವಳ ಮಾತು ಇರಲಿಲ್ಲ.

"ಏನಂದ್ಳು ಅನಿತಕ್ಕ?"

"'ಸಾಕು ಬನ್ರೀ, ಬಂದು ಉಣ್ಣಿ' ಅಂದ್ಳು" ಎಂದು ಶುರುಮಾಡಿದೆ. ಆಮೇಲಿನದು ಹೇಗೆ ಬಂತೋ, ಅವಳ ರಾಗವೇ ನನ್ನ ಬಾಯಿಗೆ ಬಂತು. "'ಉಂಡ್ಬುಟ್ಟು ತಿರ್ಗ ಹೋಗಿ ಆ ಡಬ್ಬನೇ ಕಟ್ಕಳಿ, ನಾನೇನ್ ಬೇಡ ಅನ್ನಲ್ಲ!' ಅದಕ್ಕೇ ನಾನು ಹಂಗೆ ನಕ್ಕಿದ್ದು."

ಅವನು ಬೀಗದ ಕೈ ಗೊಂಚಲಿನ ಕಡೆ ನೋಡಿದ. ನನ್ನ ಸುಳ್ಳು ಸಿಕ್ಕಿಬಿತ್ತು ಅಂದುಕೊಂಡೆ. ಆಮೇಲೆ ಅವನ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ನಗುತ್ತಿದ್ದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಹೂಂ ಕಣಕ್ಕ. ಹಂಗೇ ಅಂದಿದ್ಳು. ನಂಗೂ ಕೇಳ್ಸಿತ್ತು. ಈಗ ನೆನಪಾಯ್ತು" ಅಂದ. ಕಣ್ಣೊರೆಸಿಕೊಂಡು, "ಮುದ್ದೆ ಐತಾ?" ಎಂದು ಕೇಳಿದ.

ಬೀಗದ ಕೈ ವಾಪಸು ತೆಗೆದುಕೊಂಡು ಹೋದ. ಈಗ ಅಂಗಡಿ ನಡೆಯುತ್ತಿದೆ. ಮಧ್ಯಾಹ್ನ ಎರಡಕ್ಕೆ ಒಂದೇ ಸಲ, ಒಂದೇ ಒಂದು ಸಲ ಅದನ್ನು ಹಾಕುತ್ತಾನೆ. "ಸಾಕು ಬನ್ರೀ." ಆಮೇಲೆ "ಬಂದೆ" ಅನ್ನುತ್ತಾನೆ, ಕುರ್ಚಿ ಹಿಂದೆ ಸರಿದ ಸದ್ದು ಕೇಳುತ್ತದೆ, ತಟ್ಟೆಯ ಸದ್ದು ಕೇಳುತ್ತದೆ. ಬಂದವರಿಗೆಲ್ಲ ಆ ಪೂರ್ತಿ ಮಾತನ್ನು ಹೇಳಿಕೊಂಡು ನಗುತ್ತಾನೆ. ಅವನು ಬದುಕಿದ. ನನಗೆ ಅದರಲ್ಲಿ ಪಶ್ಚಾತ್ತಾಪವಿಲ್ಲ.

ಆದರೆ ಎರಡು ಗಂಟೆಗೆ ನನ್ನ ಕಾಲು ಮಿಷನ್ನಿನ ಮೇಲೆ ತಾನಾಗಿಯೇ ನಿಲ್ಲುತ್ತದೆ. ಆಚೆಯ ಒಂದು ಸೆಕೆಂಡು ಮುಗಿದ ಮೇಲೆ, ಗೋಡೆಯಿಂದ ಉಳಿದದ್ದೂ ಕೇಳುತ್ತದೆ. ಬಂದು ಉಣ್ಣಿ, ತಿರ್ಗ ಹೋಗಿ ಆ ಡಬ್ಬನೇ ಕಟ್ಕಳಿ. ಮಾತು ನಾನು ಹೊಲಿದದ್ದು, ಧ್ವನಿ ಮಂಗಳನದೇ. ಅದರ ಅಡಿಯಲ್ಲಿ ಅವಳು ಅವತ್ತು ನಿಜವಾಗಿ ಅಂದ ಮಾತೊಂದು ಇತ್ತು, ಎಂದಾದರೂ ಒಂದು ದಿನ ತಾನಾಗಿ ನೆನಪಿಗೆ ಬರುತ್ತಿತ್ತೋ ಏನೋ. ಈಗ ಎಷ್ಟು ಕಿವಿಗೊಟ್ಟರೂ ನನ್ನದೇ ಕೇಳುತ್ತದೆ. ಅದು ಉಳಿದಿದ್ದ ಜಾಗ ನನ್ನ ತಲೆ ಒಂದೇ. ಅಲ್ಲಿಂದ ನಾನೇ ಅಳಿಸಿಬಿಟ್ಟೆ.