ತಾಯಕ್ಕನ ಪಾಟಿಯ ಮೇಲೆ ಮೂರಕ್ಷರ

ಬೆಳಗಿನ ಆರು ಗಂಟೆ. ಕಂಪ್ಲಿಯ ತಾಯಕ್ಕನ ಮನೆಕಟ್ಟೆಯ ಮೇಲೆ ಅರವತ್ತರ ಜಂಬವ್ವ ಬಳಪ ಹಿಡಿದು ಕೂತಿದ್ದಾರೆ. ತೊಡೆಯ ಮೇಲೆ ಶಾಲೆ ಮಕ್ಕಳ ಪಾಟಿ. ಭತ್ತದ ಸಸಿ ನೆಟ್ಟು ಗಟ್ಟಿಯಾದ ಬೆರಳುಗಳು ‘ಪಾ’ ಬರೆಯುವಷ್ಟರಲ್ಲಿ ಬೆವರುತ್ತವೆ.

“ಇನ್ನಷ್ಟು ಎಳೀರಿ ಯವ್ವಾ. ಬಳಪ ಮುರದ್ರ ಇನ್ನೊಂದು ಐತಿ,” ಎನ್ನುತ್ತಾರೆ ತಾಯಕ್ಕ.

ಬುಕ್ಕಸಾಗರದ ಜಂಬವ್ವನ ಗಂಡ ತೀರಿಕೊಂಡು ನಾಲ್ಕು ತಿಂಗಳಾಯಿತು. ಭತ್ತ ಮಾರಿದ ಹಣ ಗಂಡನ ಖಾತೆಯಲ್ಲೇ ಉಳಿದಿದೆ. ನಾಟಿ ಹತ್ತಿರ ಬಂದಿದೆ, ಅದು ಕೈಗೆ ಬರದಿದ್ದರೆ ಈ ಸಲ ಗದ್ದೆ ಬೀಳು. ನಾಮಿನಿ ಜಂಬವ್ವನೇ, ಮರಣಪತ್ರವೂ ಸರಿಯಿದೆ. ಆದರೆ ಬ್ಯಾಂಕಿನಲ್ಲಿ “ತೀರಿಕೊಂಡವರ ಹೆಸರೇನಮ್ಮ?” ಎಂದು ಕೇಳಿದ ಕೂಡಲೇ ಸೆರಗು ಬಾಯಿಗೆ ಹೋಗುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದರೂ ಗಂಡನ ಹೆಸರು ಹೇಳಿದವರಲ್ಲ. ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿಯೇ ಎಂದು ಅನುಮಾನಪಟ್ಟು ಎರಡು ಸಲ ವಾಪಸ್ ಕಳಿಸಿದ್ದಾರೆ.

ತಾಯಕ್ಕನಿಗೆ ಆ ಸಂಕಟ ಗೊತ್ತು. ಲಾರಿ ಓಡಿಸುತ್ತಿದ್ದ ಗಂಡ ಸಂಡೂರಿನಲ್ಲಿ ತೀರಿಕೊಂಡಾಗ ಅವರೂ ಹೀಗೇ ಬಾಯಿ ಕಟ್ಟಿ ನಿಂತಿದ್ದರು. “ನಾನು ಏಳನೇತ್ತ ಓದಿದಾಕಿ, ಚಲನ್ ಹಿಂದ ಬರದು ತೋರಿಸಿದೆ. ಬರಿಯಾಕ ಬರದೋರು ಏನ್ ಮಾಡಬೇಕ್ರಿ?”

ಅಂದಿನಿಂದ ಒಂಬತ್ತು ವರ್ಷ, ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ಇದೇ ಅವರ ಕೆಲಸ. ತಿಂಗಳಿಗೆ ಏಳೆಂಟು ಮನೆಯವರು ಬರುತ್ತಾರೆ. ಅವರ ಅರ್ಜಿಯನ್ನು ತಾಯಕ್ಕನೇ ತುಂಬುತ್ತಾರೆ, ಹೆಸರು ಬರೆಯಲು ಕಲಿಸುತ್ತಾರೆ, ಜೊತೆಗೆ ಬ್ಯಾಂಕಿಗೂ ಹೋಗುತ್ತಾರೆ. ದುಡ್ಡು ಕೇಳುವುದಿಲ್ಲ. “ಹೇಳ್ರಿ ಹೇಳ್ರಿ ಅಂತ ಜೋರು ಮಾಡಬಾರದು. ಒಂದು ಹಾಳಿ ಕೊಟ್ಟು ಸುಮ್ನ ಕುಂದ್ರಬೇಕು. ಬ್ಯಾಂಕಿನೋರು ಅಷ್ಟು ಮಾಡಿದ್ರ ನನಗ ಈ ಕೆಲಸ ಇರಂಗಿಲ್ರಿ,” ಎಂದು ನಗುತ್ತಾರೆ.

ಹನ್ನೊಂದಕ್ಕೆ ಬ್ಯಾಂಕು. ಅಧಿಕಾರಿ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಜಂಬವ್ವ ಸೆರಗಿನೊಳಗಿಂದ ಪಾಟಿ ತೆಗೆದು, ಮೇಜಿನ ಮೇಲಿಟ್ಟು, ಒಂದೊಂದೇ ಅಕ್ಷರ ಬರೆಯುತ್ತಾರೆ. ಗಾಬರಿಯಲ್ಲಿ ಕೊನೆಯ ಒತ್ತು ಮರೆತುಹೋಗುತ್ತದೆ.

“ಪಾಲಪ,” ಎಂದು ಓದುತ್ತಾರೆ ಅಧಿಕಾರಿ.

“ಪಾಲಪ ಅಲ್ರಿ, ಪಾಲಪ್ಪ!”

ಅಂದದ್ದು ಜಂಬವ್ವ. ಅಂದ ಮೇಲೆ ಗೊತ್ತಾಗಿ ಬಾಯಿ ಮುಚ್ಚಿಕೊಳ್ಳುತ್ತಾರೆ, ಕಣ್ಣು ತುಂಬುತ್ತದೆ. ಅಧಿಕಾರಿ ಅರ್ಜಿ ಎಳೆದುಕೊಂಡು ಸೀಲು ಒತ್ತುತ್ತಾರೆ. “ಅವರ ಹೆಸರು ಕೆಡಿಸಿದ್ರ ಹೆಂಗ ಸುಮ್ನಿರಲಿ ತಾಯಕ್ಕ?” ಎಂದು ಜಂಬವ್ವ ಹೊರಗೆ ಬಂದು ಅಳುತ್ತಾರೆ.

ಬರೆದದ್ದನ್ನು ಅಳಿಸಲು ಹೋದ ತಾಯಕ್ಕನ ಕೈಯಿಂದ ಜಂಬವ್ವ ಪಾಟಿ ಕಸಿದುಕೊಳ್ಳುತ್ತಾರೆ. “ಬ್ಯಾಡ. ಮನಿಗೆ ಒಯ್ದು ಒತ್ತು ನಾನ ಹಾಕ್ತೀನಿ.” ಎದೆಗವಚಿಕೊಂಡೇ ಬಸ್ಸು ಹತ್ತುತ್ತಾರೆ.

ಹೀಗೆ ಹೋದ ಪಾಟಿ ಯಾವುದೂ ತಾಯಕ್ಕನಿಗೆ ವಾಪಸ್ ಬಂದಿಲ್ಲ. ಹೊಸದನ್ನು ಕೊಳ್ಳಲು ಹೋದರೆ ಪುಸ್ತಕದಂಗಡಿಯ ವೀರೇಶ್‌ಗೆ ತಮಾಷೆ: “ಸಾಲಿಗೆ ಹೋಗೋ ಮಕ್ಕಳು ಎಷ್ಟದಾರ ಅಕ್ಕಾ ನಿಮ್ಮನ್ಯಾಗ?”

“ಈ ವಾರ ಒಬ್ಬಾಕಿ,” ಎನ್ನುತ್ತಾರೆ ತಾಯಕ್ಕ. “ಭಾಳ ಶಾಣ್ಯಾಕಿ. ಒಂದು ಒತ್ತು ಅಷ್ಟ ಬಾಕಿ ಐತಿ.”