ಮಾಮಿ, ಕಾನ್ ಬಂದ್!

ಐರೋಲಿಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಮಾಮಿ ಉಡುಪಿ ಕಡೆಯವರು, ಕುಕ್ಕರ್ ಸೀಟಿಗೂ ಬೆಚ್ಚಿಬೀಳುವವರು. ಅದಕ್ಕೇ ಕುಕ್ಕರಿನ ಪಕ್ಕದಲ್ಲೇ ನಿಂತು, ಅದು ಬುಸುಗುಟ್ಟಿದ ಕೂಡಲೇ "ಹ್ಞಾ, ಕೂಗು ನೋಡುವಾ" ಎಂದು ತಾವೇ ಅಪ್ಪಣೆ ಕೊಡುತ್ತಿದ್ದರು. "ಹೇಳಿ ಹೊಡೆದರೆ ಅದು ಪೆಟ್ಟೇ ಅಲ್ಲ ಮಾರಾಯ್ರೆ" ಎನ್ನುವುದು ಅವರ ಸಿದ್ಧಾಂತ.

ದೀಪಾವಳಿಗೆ ಬಿಲ್ಡಿಂಗಿನ ಮಕ್ಕಳಿಗೂ ಅದನ್ನೇ ಕಲಿಸಿದ್ದರು. ಸುತ್ಲಿ ಬಾಂಬಿಗೆ ಬೆಂಕಿ ತಾಗಿಸುವ ಮೊದಲು ಮಕ್ಕಳು ಕೆಳಗಿನಿಂದ "ಮಾಮಿ, ಕಾನ್ ಬಂದ್!" ಎಂದು ಕೂಗಬೇಕು. ಮಾಮಿ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ, ಎರಡೂ ಕಿವಿಗೆ ಬೆರಳಿಟ್ಟು, "ಬಂದ್ ಆಯ್ತು, ಬಿಡಿ!" ಎನ್ನಬೇಕು. ಆಮೇಲೇ ಢಂ! ಪ್ರತಿ ಢಂಗೂ ಮಾಮಿ ತಾವೇ ಗೆದ್ದವರಂತೆ ನಗುತ್ತಿದ್ದರು.

ಒಂದು ಸಂಜೆ ಬಾಂಬು ಠುಸ್ಸಾಯಿತು. ಮಕ್ಕಳು ಬೇಜಾರಾಗಿ ಗೇಟಿನತ್ತ ಹೊರಟರು, ಮಾಮಿಗೆ ಹೇಳಲು ಮರೆತರು. ನಾನು ಸ್ಟೀಲ್ ತಟ್ಟೆಯಲ್ಲಿ ಚಕ್ಕುಲಿ ಹಿಡಿದು ಹೋದರೆ, ಅವರಿನ್ನೂ ಕಿವಿ ಮುಚ್ಚಿಕೊಂಡೇ ನಿಂತಿದ್ದಾರೆ. ಕೊನೆಗೆ ಒಂದು ಕಣ್ಣು ತೆರೆದರು.

"ಬಾಂಬು ಠುಸ್ ಮಾಮಿ" ಎಂದೆ.

ಸಮಾಧಾನವಾಗುವ ಬದಲು ಅವರಿಗೆ ಸಿಟ್ಟೇ ಬಂತು. ರೇಲಿಂಗಿಗೆ ಬಗ್ಗಿ ಒಮ್ಮೆಲೇ ಕಿರುಚಿದರು: "ಅರೇ, ಏಕ್ ತೋ ಫೋಡೋ! ಒಂದಾದರೂ ಹೊಡೀರಿ! ಎಷ್ಟು ಹೊತ್ತು ಹೆದರಿಕೊಂಡು ನಿಲ್ಲುವುದು ನಾನು?"

ಬೆಚ್ಚಿದ ನನ್ನ ಕೈಯಿಂದ ತಟ್ಟೆ ಠಣ್ಣೆಂದು ಬಿತ್ತು.

ಮಾಮಿ ಇನ್ನೊಂದು ಕಣ್ಣನ್ನೂ ತೆರೆದು, "ಹ್ಞಾ, ಈಗ ಆಯ್ತು" ಎಂದು ಚಕ್ಕುಲಿ ಹೆಕ್ಕತೊಡಗಿದರು.